ಏಳು ನಿಮಿಷಕ್ಕೆ ಏಳು ವರ್ಷ

ಔರಾದ ತಾಲ್ಲೂಕಿನ ಎಕಂಬಾದಂಥ ಊರಿನಲ್ಲಿ, ಮೋಡವಿಲ್ಲದ ರಾತ್ರಿ ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡಿದರೆ, ನಕ್ಷತ್ರಗಳ ನಡುವೆ ಅನೇಕ ತಿಂಗಳುಗಳ ಕಾಲ ಒಂದು ಕೆಂಬಣ್ಣದ ಚುಕ್ಕಿ ಕಣ್ಣಿಗೆ ಬೀಳುವುದುಂಟು. ಅದು ನಕ್ಷತ್ರಗಳಂತೆ ಮಿನುಗುವುದಿಲ್ಲ. ಬೂದಿಯೊಳಗಿನ ಕೆಂಡದಂತೆ ಸ್ಥಿರವಾಗಿ ಉರಿಯುತ್ತಿರುತ್ತದೆ. ಅದೇ ಮಂಗಳಗ್ರಹ. ಅದರ ಕೆಂಪಿಗೂ ಬೀದರಿನ ಎತ್ತರದ ನೆಲದಲ್ಲಿರುವ ಜಂಬಿಟ್ಟಿಗೆಯ ಕೆಂಪಿಗೂ ಕಾರಣ ಒಂದೇ. ಆಮ್ಲಜನಕದೊಡನೆ ಕೂಡಿದ ಕಬ್ಬಿಣ, ಎಂದರೆ ಒಂದು ಬಗೆಯ ತುಕ್ಕು, ಎರಡು ಕಡೆಯ ಮಣ್ಣಿಗೂ ಆ ಬಣ್ಣವನ್ನು ಕೊಟ್ಟಿದೆ. ನಮ್ಮ ಕಾಲಡಿಯ ಮಣ್ಣಿಗೂ ಆ ದೂರದ ಗ್ರಹಕ್ಕೂ ಇಷ್ಟರಮಟ್ಟಿನ ನೆಂಟಸ್ತಿಕೆಯುಂಟು.

2021ರ ಫೆಬ್ರವರಿ 18ರಂದು, ಎಂದರೆ ನಮ್ಮ ಗಡಿಯಾರಗಳಲ್ಲಿ 19ರ ಬೆಳಗಿನ ಜಾವ 2 ಗಂಟೆ 25 ನಿಮಿಷವಾಗಿದ್ದಾಗ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಿಂದ ಒಬ್ಬ ಮಹಿಳೆಯ ಧ್ವನಿ ಜಗತ್ತಿಗೆಲ್ಲ ಕೇಳಿಬಂದಿತು. ನೌಕೆ ನೆಲ ಮುಟ್ಟಿರುವುದು ಖಚಿತವಾಗಿದೆ, ‘ಪರ್ಸೆವೆರೆನ್ಸ್’ ಎಂಬ ಸಂಚಾರಿ ಯಂತ್ರ ಮಂಗಳದ ಮೇಲೆ ಕ್ಷೇಮವಾಗಿ ನಿಂತಿದೆ ಎಂದು ಅವರು ಸಾರಿದರು. ಹಾಗೆ ಸಾರಿದವರು ಬೆಂಗಳೂರಿನಲ್ಲಿ ಹುಟ್ಟಿದ ಇಂಜಿನಿಯರ್ ಡಾ. ಸ್ವಾತಿ ಮೋಹನ್. ಮರುದಿನ ಪತ್ರಿಕೆಗಳು ಅವರ ಹಣೆಯ ಬೊಟ್ಟಿನ ವಿಷಯವನ್ನು ವಿಶೇಷವಾಗಿ ಬರೆದವು. ಆದರೆ ವಿದ್ಯಾರ್ಥಿಗಳಾದವರು ಕೇಳಬೇಕಾದ ಪ್ರಶ್ನೆ ಬೇರೆಯದು. ನೌಕೆ ಮಂಗಳದ ವಾಯುಮಂಡಲವನ್ನು ಹೊಕ್ಕಂದಿನಿಂದ ನೆಲವನ್ನು ಮುಟ್ಟುವವರೆಗಿನ ಏಳು ನಿಮಿಷಗಳಲ್ಲಿ ಭೂಮಿಯ ಮೇಲಿನ ಇಂಜಿನಿಯರುಗಳು ಮಾಡಿದುದೇನು?

ಉತ್ತರ ವಿಚಿತ್ರವಾದುದು: ಏನನ್ನೂ ಮಾಡಲಿಲ್ಲ. ಮಾಡಲು ಸಾಧ್ಯವೂ ಇರಲಿಲ್ಲ.

ಹನ್ನೊಂದು ನಿಮಿಷಗಳ ಗೋಡೆ

ರೇಡಿಯೋ ಅಲೆಗಳು ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೊಮೀಟರ್‌ನಂತೆ, ಸಾಗುತ್ತವೆ. ಅದಕ್ಕಿಂತ ವೇಗವಾದ ದೂತ ನಿಸರ್ಗದಲ್ಲಿಲ್ಲ. ಆ ದಿನ ಮಂಗಳವು ಭೂಮಿಯಿಂದ 20 ಕೋಟಿ ಕಿಲೊಮೀಟರ್‌ಗೂ ಹೆಚ್ಚು ದೂರದಲ್ಲಿದ್ದಿತು. ಆದುದರಿಂದ ಅಲ್ಲಿಂದ ಹೊರಟ ಸಂಕೇತ ಇಲ್ಲಿಗೆ ಮುಟ್ಟಲು 11 ನಿಮಿಷಕ್ಕೂ ಹೆಚ್ಚು ಕಾಲ ಬೇಕಾಯಿತು. ಇಳಿಯುವ ಕ್ರಿಯೆಗೆ ಹಿಡಿಯುವುದಾದರೋ ಏಳೇ ನಿಮಿಷ.

ಇದರ ಅರ್ಥವನ್ನು ನಿಧಾನವಾಗಿ ಆಲೋಚಿಸಬೇಕು. ‘ನೌಕೆ ವಾಯುಮಂಡಲವನ್ನು ಹೊಕ್ಕಿತು’ ಎಂಬ ವಾರ್ತೆ ಪ್ರಯೋಗಾಲಯಕ್ಕೆ ತಲುಪುವ ಹೊತ್ತಿಗೆ ನೌಕೆಯ ಹಣೆಬರಹ ಅಲ್ಲಿ ನಾಲ್ಕು ನಿಮಿಷ ಮೊದಲೇ ತೀರ್ಮಾನವಾಗಿಬಿಟ್ಟಿತ್ತು. ಅದು ನೆಲದ ಮೇಲೆ ಸುರಕ್ಷಿತವಾಗಿ ನಿಂತಿರಬೇಕು, ಇಲ್ಲವೇ ಚೂರುಚೂರಾಗಿ ಬಿದ್ದಿರಬೇಕು. ಏನಾದರೂ ಕೆಟ್ಟಿತೆಂದು ಇಲ್ಲಿಂದ ಆಜ್ಞೆ ಕಳಿಸಿದರೂ ಅದು ಅಲ್ಲಿಗೆ ಮುಟ್ಟಲು ಮತ್ತೆ ಹನ್ನೊಂದು ನಿಮಿಷ. 250 ಕೋಟಿ ಡಾಲರುಗಳಿಗೂ ಮೀರಿದ ವೆಚ್ಚ, ಸಾವಿರಾರು ಜನರ ವರ್ಷಗಟ್ಟಲೆಯ ದುಡಿಮೆ, ಇವೆಲ್ಲವೂ ಮನುಷ್ಯನ ಕೈಗೆ ಎಟುಕದ ಆ ಏಳು ನಿಮಿಷಗಳನ್ನು ಅವಲಂಬಿಸಿದ್ದವು. ಆದಕಾರಣ ಆಗಬೇಕಾದ ಆಲೋಚನೆಯೆಲ್ಲ ಮೊದಲೇ ಆಗಿ, ಯಂತ್ರದೊಳಗೆ ಸೇರಿಹೋಗಿರಬೇಕು. ಇಂಜಿನಿಯರನ ವೃತ್ತಿಯೆಂದರೆ ಮುಖ್ಯವಾಗಿ ಮುಂಗಾಣ್ಕೆಯ ವೃತ್ತಿ. ಈ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು.

ಬೆಂಗಳೂರಿನಿಂದ ಪಾಸಡೀನಕ್ಕೆ

ಡಾ. ಸ್ವಾತಿ ಮೋಹನ್‌ರ ಜನನವಾದುದು ಬೆಂಗಳೂರಿನಲ್ಲಿ. ಒಂದು ವರ್ಷದ ಕೂಸಾಗಿದ್ದಾಗ ತಂದೆತಾಯಿಗಳೊಡನೆ ಅಮೆರಿಕಕ್ಕೆ ಹೋದರು. ವಾಷಿಂಗ್ಟನ್ ನಗರದ ಸಮೀಪದಲ್ಲಿ ಬೆಳೆದರು. ಒಂಬತ್ತರ ವಯಸ್ಸಿನಲ್ಲಿ ‘ಸ್ಟಾರ್ ಟ್ರೆಕ್’ ಎಂಬ ದೂರದರ್ಶನದ ಕಥಾಮಾಲೆಯನ್ನು ನೋಡಿ, ವಿಶ್ವದ ಹೊಸ ಹೊಸ ಎಡೆಗಳನ್ನು ಕಾಣಬೇಕೆಂಬ ಆಸೆ ಹುಟ್ಟಿತೆಂದು ಅವರೇ ಹೇಳಿದ್ದಾರೆ. ಆದರೂ ಮಕ್ಕಳ ವೈದ್ಯೆಯಾಗಬೇಕೆಂಬುದೇ ಅವರ ಅಂದಿನ ಉದ್ದೇಶವಾಗಿದ್ದಿತು. ಹದಿನಾರರ ವಯಸ್ಸಿನಲ್ಲಿ ಭೌತಶಾಸ್ತ್ರದ ತರಗತಿಗೆ ಸೇರಿದರು. ಒಳ್ಳೆಯ ಅಧ್ಯಾಪಕರು ದೊರೆತರು; ಪಾಠ ಸುಲಭವಾಗಿ ಮನಸ್ಸಿಗೆ ಹತ್ತಿತು. ಅಂತರಿಕ್ಷದ ಮೇಲಿನ ಆಸೆಯನ್ನು ಜೀವನದ ಕೆಲಸವನ್ನಾಗಿ ಮಾಡಿಕೊಳ್ಳಲು ಇಂಜಿನಿಯರಿಂಗ್ ಒಂದು ದಾರಿಯೆಂಬುದು ಆಗ ಅವರಿಗೆ ಹೊಳೆಯಿತು.

ಅಲ್ಲಿಂದ ಮುಂದಿನದು ದೀರ್ಘವಾದ ವಿದ್ಯಾಭ್ಯಾಸ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಯಂತ್ರಶಾಸ್ತ್ರ ಮತ್ತು ಅಂತರಿಕ್ಷ ಇಂಜಿನಿಯರಿಂಗಿನ ಪದವಿ. ಅನಂತರ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಮತ್ತು ಡಾಕ್ಟರೇಟ್. ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದ ಒಳಗೆ ತೇಲಾಡುತ್ತ ಒಂದಕ್ಕೊಂದು ಸ್ಥಾನವನ್ನು ಸರಿಪಡಿಸಿಕೊಳ್ಳುವ ಚೆಂಡಿನಂಥ ಪುಟ್ಟ ಉಪಗ್ರಹಗಳ ಪ್ರಯೋಗಗಳಲ್ಲಿ ಅವರು ಅಲ್ಲಿ ಭಾಗವಹಿಸಿದರು. ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಕೆಲಸದಲ್ಲಿ ಶನಿಗ್ರಹದ ‘ಕ್ಯಾಸಿನಿ’, ಚಂದ್ರನ ಗುರುತ್ವವನ್ನು ಅಳೆದ ‘ಗ್ರೇಲ್’ ಯೋಜನೆಗಳ ಅನುಭವ ಅವರಿಗೆ ದೊರೆಯಿತು. ಈ ಪ್ರಯೋಗಾಲಯ ಇರುವುದು ಪಾಸಡೀನ ನಗರದ ಬಳಿ. 2013ರಲ್ಲಿ, ಮಂಗಳದ ಹೊಸ ಯೋಜನೆ ಇನ್ನೂ ಆರಂಭದ ಹಂತದಲ್ಲಿದ್ದಾಗಲೇ, ಅವರು ಅದಕ್ಕೆ ಸೇರಿದರು. ನೌಕೆ ಮಂಗಳದಲ್ಲಿ ಇಳಿದುದು 2021ರಲ್ಲಿ. ಏಳು ನಿಮಿಷಗಳಿಗಾಗಿ ಏಳು ವರ್ಷಗಳ ಮೇಲಿನ ದುಡಿಮೆ!

ಮೂರು ಪ್ರಶ್ನೆಗಳು

ಅವರಿಗೆ ವಹಿಸಿದ್ದ ವಿಭಾಗದ ಕೆಲಸವನ್ನು ಸ್ಥಾನನಿರ್ಣಯ, ಮಾರ್ಗದರ್ಶನ ಮತ್ತು ನಿಯಂತ್ರಣ ಎಂದು ಕನ್ನಡದಲ್ಲಿ ಕರೆಯಬಹುದು. ಹೆಸರು ಭಾರವಾದುದು, ಆದರೆ ವಿಷಯ ಸರಳ. ನಾನೆಲ್ಲಿದ್ದೇನೆ? ಎತ್ತ ಹೋಗಬೇಕು? ಅತ್ತ ಹೋಗಲು ಈಗ ಏನು ಮಾಡಬೇಕು? ಭಾಲ್ಕಿಯ ಸಂತೆಗೆ ಗಾಡಿ ಹೂಡಿಕೊಂಡು ಹೊರಟ ರೈತನೂ ಈ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಿಕೊಳ್ಳುತ್ತಲೇ ಇರುತ್ತಾನೆ. ದಾರಿಯ ಗುರುತುಗಳನ್ನು ನೋಡುತ್ತಾನೆ. ಕವಲಿನಲ್ಲಿ ಯಾವ ಕಡೆಗೆಂದು ನಿಶ್ಚಯಿಸುತ್ತಾನೆ. ಎತ್ತಿನ ಹಗ್ಗವನ್ನು ಜಗ್ಗುತ್ತಾನೆ. ನೌಕೆಗೆ ನಕ್ಷತ್ರಗಳೂ ಸೂರ್ಯನೂ ದಾರಿಯ ಗುರುತುಗಳು. ಸಣ್ಣ ಸಣ್ಣ ರಾಕೆಟ್ಟುಗಳೇ ಹಗ್ಗ.

2020ರ ಜುಲೈ 30ರಂದು ಉಡಾವಣೆಯಾದ ನೌಕೆ ಆರೂವರೆ ತಿಂಗಳಲ್ಲಿ ಸುಮಾರು 47 ಕೋಟಿ ಕಿಲೊಮೀಟರ್ ಪಯಣಿಸಿತು. ಈ ಅವಧಿಯಲ್ಲೆಲ್ಲ ಅದರ ಸೌರಫಲಕಗಳು ಸೂರ್ಯನಿಂದ ಬೆಳಕನ್ನು ಪಡೆಯುತ್ತಿರಬೇಕು, ಅದರ ಆಂಟೆನಾ ಭೂಮಿಯ ಕಡೆಗಿರಬೇಕು. ನಡುನಡುವೆ ಪಥವನ್ನು ಕೊಂಚ ಕೊಂಚ ತಿದ್ದಬೇಕು. ಗುರಿಯೋ, 7.7 ಕಿಲೊಮೀಟರ್ ಉದ್ದ, 6.6 ಕಿಲೊಮೀಟರ್ ಅಗಲದ ಒಂದು ಅಂಡಾಕಾರದ ಪ್ರದೇಶ. ಈ ಸೂಕ್ಷ್ಮತೆಯನ್ನು ಊಹಿಸಲು ಒಂದು ಹೋಲಿಕೆ ಹೇಳಬಹುದು. ಬೀದರಿನ ಕೋಟೆಯಿಂದ ಸುಮಾರು 700 ಕಿಲೊಮೀಟರ್ ದಾರಿಯಾಚೆ, ಬೆಂಗಳೂರಿನಲ್ಲಿ, ಒಂದು ಕಡಲೆಕಾಳನ್ನಿಟ್ಟು ಅದಕ್ಕೆ ಗುರಿಯಿಡಬೇಕು. ಹೆಚ್ಚುಕಡಮೆ ಅಷ್ಟೇ ಪ್ರಮಾಣ. ದಾರಿಯಲ್ಲಿ ತಿದ್ದಿಕೊಳ್ಳಲು ಅವಕಾಶವಿದ್ದುದರಿಂದ ಮಾತ್ರವೇ ಇದು ಸಾಧ್ಯವಾಯಿತೆಂಬುದನ್ನು ಮರೆಯಬಾರದು.

ಯಂತ್ರವನ್ನು ಸಿದ್ಧಪಡಿಸಿದಂತೆ ಮನುಷ್ಯರನ್ನೂ ಸಿದ್ಧಪಡಿಸಬೇಕಾಗಿತ್ತು. ನಿಯಂತ್ರಣ ಕೊಠಡಿಯಲ್ಲಿ ತಮ್ಮ ವಿಭಾಗದ ಯಾರು ಯಾವ ಹೊತ್ತಿನಲ್ಲಿ ಇರಬೇಕು, ಯಾವ ಸಂದರ್ಭದಲ್ಲಿ ಯಾವ ನಿಯಮವನ್ನು ಅನುಸರಿಸಬೇಕು ಎಂಬುದನ್ನು ಗೊತ್ತುಮಾಡುವುದೂ ಅವರಿಗೆ ತರಬೇತಿ ಕೊಡುವುದೂ ಡಾ. ಸ್ವಾತಿ ಮೋಹನ್‌ರ ಹೊಣೆಯಾಗಿದ್ದವು. ಕಾಲಾವಕಾಶವೂ ಮಿತವಾಗಿತ್ತು. ಭೂಮಿ ಮತ್ತು ಮಂಗಳಗಳು ಪಯಣಕ್ಕೆ ಅನುಕೂಲವಾದ ಸ್ಥಾನಗಳಿಗೆ ಬರುವುದು ಸುಮಾರು 26 ತಿಂಗಳಿಗೊಮ್ಮೆ. 2020ರ ಸಾಂಕ್ರಾಮಿಕ ರೋಗದ ಕಾಲದಲ್ಲಿ ಜನ ಮನೆಗಳಲ್ಲಿ ಕುಳಿತು ದುಡಿಯಬೇಕಾಗಿ ಬಂದಾಗಲೂ ಗ್ರಹಗಳು ಯಾರಿಗಾಗಿಯೂ ಕಾಯುವಂತಿರಲಿಲ್ಲ.

ವೇಗವನ್ನು ಕಳೆಯುವ ಲೆಕ್ಕ

ಬೀದರಿನ ವಾಯುಪಡೆಯ ನೆಲೆಯಿಂದ ಏರಿ ನಮ್ಮ ತಲೆಯ ಮೇಲೆ ಗರ್ಜಿಸುತ್ತ ಸಾಗುವ ‘ಹಾಕ್’ ತರಬೇತಿ ವಿಮಾನದ ಅತ್ಯಧಿಕ ವೇಗ ಗಂಟೆಗೆ ಸುಮಾರು 1,000 ಕಿಲೊಮೀಟರ್. ಮಂಗಳದ ವಾಯುಮಂಡಲವನ್ನು ಹೊಕ್ಕಾಗ ನೌಕೆಯ ವೇಗ ಅದರ ಹತ್ತೊಂಬತ್ತು ಪಟ್ಟಿಗೂ ಮಿಗಿಲು, ಗಂಟೆಗೆ ಸುಮಾರು 19,500 ಕಿಲೊಮೀಟರ್. ಏಳು ನಿಮಿಷಗಳಲ್ಲಿ ಇದು ಮನುಷ್ಯನ ನಡಿಗೆಗಿಂತಲೂ ಕಡಮೆಯಾಗಬೇಕು. 1,025 ಕಿಲೊಗ್ರಾಂ ತೂಕದ ಸಂಚಾರಿ ಯಂತ್ರವು ಕೊನೆಯಲ್ಲಿ ನೆಲವನ್ನು ಮುಟ್ಟಬೇಕಾದುದು ಗಂಟೆಗೆ 2.7 ಕಿಲೊಮೀಟರ್ ವೇಗದಲ್ಲಿ.

ಮೊದಲ ಹಂತದಲ್ಲಿ ಉಷ್ಣಕವಚವು ಗಾಳಿಯನ್ನೇ ತಡೆಯಾಗಿ ಬಳಸಿಕೊಳ್ಳುತ್ತದೆ. ಕವಚದ ಮುಂದೆ ಒತ್ತಿ ಅದುಮಲ್ಪಟ್ಟ ಗಾಳಿ ವಿಪರೀತವಾಗಿ ಕಾಯುತ್ತದೆ. ಕವಚದ ಹೊರಮೈ ಸುಮಾರು 1,300 ಡಿಗ್ರಿ ಸೆಂಟಿಗ್ರೇಡ್ ತಲುಪುತ್ತದೆ. ಸುಮಾರು ನಾಲ್ಕು ನಿಮಿಷಗಳಲ್ಲಿ ವೇಗ ಗಂಟೆಗೆ 1,500 ಕಿಲೊಮೀಟರ್‌ಗೆ ಇಳಿದಿರುತ್ತದೆ. ಇಲ್ಲಿ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದುದು. 19,500ನ್ನು 1,500ರಿಂದ ಭಾಗಿಸಿದರೆ 13. ಹದಿಮೂರರ ವರ್ಗ 169. ಎಂದರೆ ಉಳಿದ ಶಕ್ತಿ ಮೊದಲಿನದರ 169ರಲ್ಲಿ ಒಂದು ಪಾಲು ಮಾತ್ರ. ನೂರರಲ್ಲಿ ತೊಂಬತ್ತೊಂಬತ್ತು ಪಾಲಿಗೂ ಹೆಚ್ಚಿನ ಶಕ್ತಿಯನ್ನು ಗಾಳಿಯೇ ತೆಗೆದುಕೊಂಡುಬಿಟ್ಟಿತು!

ಆಗ 21.5 ಮೀಟರ್ ವ್ಯಾಸದ ಹಾರುಕೊಡೆ ಬಿಚ್ಚಿಕೊಳ್ಳುತ್ತದೆ. ಆದರೆ ಮಂಗಳದ ಗಾಳಿಯ ಸಾಂದ್ರತೆ ನಮ್ಮ ಗಾಳಿಯದರ ನೂರರಲ್ಲೊಂದು ಪಾಲಿನಷ್ಟು. ಇಂಥ ತೆಳುವಾದ ಗಾಳಿಯಲ್ಲಿ ಕೊಡೆಯೊಂದರಿಂದಲೇ ಕೆಲಸವಾಗದು. ಕೊಡೆ ತನ್ನ ಕೈಲಾದುದನ್ನು ಮಾಡಿದ ಮೇಲೂ ವೇಗ ಗಂಟೆಗೆ 300 ಕಿಲೊಮೀಟರ್‌ಗೂ ಮೇಲಿರುತ್ತದೆ. ನೆಲದಿಂದ ಸುಮಾರು 2 ಕಿಲೊಮೀಟರ್ ಎತ್ತರದಲ್ಲಿ ಕೊಡೆಯನ್ನು ಕಳಚಿ, ಎಂಟು ರಾಕೆಟ್ಟುಗಳುಳ್ಳ ಒಂದು ವಾಹನ ಸಂಚಾರಿಯನ್ನು ಹೊತ್ತು ಇಳಿಯತೊಡಗುತ್ತದೆ. ನೆಲ ಸುಮಾರು 20 ಮೀಟರ್ ಇರುವಾಗ ಅದು ಬಾವಿಗೆ ಕೊಡವನ್ನು ಇಳಿಬಿಟ್ಟಂತೆ ಸಂಚಾರಿಯನ್ನು ಹಗ್ಗಗಳಿಂದ ಕೆಳಗೆ ಇಳಿಸುತ್ತದೆ. ಚಕ್ರಗಳು ನೆಲ ಮುಟ್ಟಿದೊಡನೆ ಹಗ್ಗಗಳನ್ನು ಕತ್ತರಿಸಿಕೊಂಡು ದೂರ ಹಾರಿಹೋಗಿ ಬೀಳುತ್ತದೆ. ರಾಕೆಟ್ಟುಗಳು ನೆಲದ ಸಮೀಪಕ್ಕೆ ಬಂದು ಧೂಳೆಬ್ಬಿಸಬಾರದೆಂದೂ ಗುಂಡಿ ತೋಡಬಾರದೆಂದೂ ಈ ಉಪಾಯ.

ನೆಲವನ್ನು ಗುರುತಿಸುವ ಕಣ್ಣು

ಇವುಗಳಲ್ಲಿ ಬಹುಭಾಗವನ್ನು 2012ರಲ್ಲಿ ಇಳಿದ ‘ಕ್ಯೂರಿಯಾಸಿಟಿ’ ಮೊದಲೇ ಮಾಡಿ ತೋರಿಸಿತ್ತು. ಈ ಬಾರಿ ಹೊಸದಾಗಿ ಸೇರಿದುದು ಕಣ್ಣು. ಗುರಿಯಾಗಿದ್ದ ಜೆಜೆರೊ ಎಂಬ ಕುಳಿ 45 ಕಿಲೊಮೀಟರ್ ಅಗಲದ್ದು. ಮುನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ಅಲ್ಲಿ ಸರೋವರವಿದ್ದಿತು, ಹೊಳೆಯೊಂದು ಹರಿದು ಬಂದು ಮೆಕ್ಕಲು ತುಂಬಿತ್ತು. ಜೀವದ ಹಳೆಯ ಕುರುಹುಗಳಿದ್ದರೆ ಅವನ್ನು ಹುಡುಕಲು ಅದಕ್ಕಿಂತ ತಕ್ಕ ಎಡೆಗಳು ಕೆಲವೇ. ಆದರೆ ಕಡಿದಾದ ದರಿಗಳು, ಬಂಡೆಗಳು, ಮರಳ ದಿಬ್ಬಗಳು ತುಂಬಿದ ಆ ನೆಲದಲ್ಲಿ ಕುರುಡಾಗಿ ಇಳಿಯುವುದು ಅಪಾಯಕರ.

ಸಂಜೆಯ ಹೊತ್ತಿನಲ್ಲಿ ಔರಾದದಿಂದ ಬಸ್ಸಿನಲ್ಲಿ ಎಕಂಬಾಕ್ಕೆ ಹಿಂದಿರುಗುವವನು ಕಿಲೊಮೀಟರ್ ಕಲ್ಲುಗಳನ್ನು ಎಣಿಸುತ್ತ ಕುಳಿತಿರುವುದಿಲ್ಲ. ಕಿಟಕಿಯಾಚೆ ಪರಿಚಿತವಾದ ಮರವನ್ನೋ ಹಳ್ಳವನ್ನೋ ಕಂಡು, ಊರು ಬಂದಿತೆಂದು ಎದ್ದು ನಿಲ್ಲುತ್ತಾನೆ. ನೌಕೆ ಮಾಡಿದುದೂ ಇದನ್ನೇ. ಮಂಗಳವನ್ನು ಸುತ್ತುತ್ತಿದ್ದ ಉಪಗ್ರಹದ ಚಿತ್ರಗಳಿಂದ ರಚಿಸಿದ ನಕ್ಷೆಯನ್ನು ಅದರ ಗಣಕದಲ್ಲಿ ಮೊದಲೇ ತುಂಬಿದ್ದರು. ಕೊಡೆಯಲ್ಲಿ ತೂಗಾಡುತ್ತ ಇಳಿಯುವಾಗ ಅದರ ಕ್ಯಾಮೆರಾ ಕೆಳಗಿನ ನೆಲದ ಚಿತ್ರಗಳನ್ನು ತೆಗೆಯಿತು. ಗಣಕ ಅವನ್ನು ನಕ್ಷೆಯೊಡನೆ ಹೋಲಿಸಿ, ತಾನೆಲ್ಲಿದ್ದೇನೆಂಬುದನ್ನು ಕೆಲವೇ ಸೆಕೆಂಡುಗಳಲ್ಲಿ ತಿಳಿದುಕೊಂಡಿತು. ಎಟುಕುವ ದೂರದಲ್ಲಿದ್ದ ಸುರಕ್ಷಿತವಾದ ಜಾಗವನ್ನು ಆರಿಸಿ ಅತ್ತ ತಿರುಗಿತು. ಈ ಕಣ್ಣನ್ನು ನಂಬುವ ಮುನ್ನ ಇಂಜಿನಿಯರುಗಳು ಅದನ್ನು ಹೆಲಿಕಾಪ್ಟರಿಗೆ ಕಟ್ಟಿ, ಕ್ಯಾಲಿಫೋರ್ನಿಯದ ಮರುಭೂಮಿಯ ಮೇಲೆ ಹಾರಿಸಿ ಪರೀಕ್ಷಿಸಿದ್ದರು.

ಸೋಲು ಕಲಿಸಿದ ಪಾಠ

ಮುಂಗಾಣ್ಕೆ ಹುಟ್ಟಿನಿಂದ ಬರುವ ಗುಣವಲ್ಲ. ಅದನ್ನು ಬಹುಮಟ್ಟಿಗೆ ಸೋಲುಗಳು ಕಲಿಸುತ್ತವೆ. 1999ರಲ್ಲಿ ಅಮೆರಿಕದ ಎರಡು ನೌಕೆಗಳು ಮಂಗಳದಲ್ಲಿ ನಾಶವಾದವು. ಮೊದಲನೆಯದರ ಕಥೆಯನ್ನು ನಮ್ಮ ಪ್ರೌಢಶಾಲೆಯ ಪ್ರತಿಯೊಂದು ತರಗತಿಯಲ್ಲಿಯೂ ಹೇಳಬೇಕು. ರಾಕೆಟ್ಟಿನ ತಳ್ಳಿಕೆಯ ಲೆಕ್ಕವನ್ನು ಒಂದು ಗುಂಪು ಬ್ರಿಟಿಷ್ ಪದ್ಧತಿಯ ಪೌಂಡುಗಳಲ್ಲಿ ಕೊಟ್ಟಿತು. ಇನ್ನೊಂದು ಗುಂಪು ಅದನ್ನು ಮೆಟ್ರಿಕ್ ಪದ್ಧತಿಯ ನ್ಯೂಟನ್‌ಗಳೆಂದು ಭಾವಿಸಿತು. ಎರಡಕ್ಕೂ ನಾಲ್ಕೂವರೆ ಪಟ್ಟಿನ ಅಂತರ. ನೌಕೆ ಇರಬೇಕಾದುದಕ್ಕಿಂತ ತೀರ ಕೆಳಗೆ ಗ್ರಹವನ್ನು ಸಮೀಪಿಸಿ ಇಲ್ಲವಾಯಿತು. ಉತ್ತರದ ಮುಂದೆ ಮಾನವನ್ನು ಬರೆಯದ ವಿದ್ಯಾರ್ಥಿಗೆ ಅಧ್ಯಾಪಕರು ಅಂಕ ಕಳೆಯುವುದು ಬರಿಯ ಹಟದಿಂದಲ್ಲ!

ಎರಡನೆಯ ನೌಕೆ ಇಳಿಯುವಾಗ ಕಳೆದುಹೋಯಿತು. ಅದರ ಕಾಲುಗಳು ಬಿಚ್ಚಿಕೊಂಡಾಗ ಉಂಟಾದ ಅದುರನ್ನು ಗಣಕವು ನೆಲ ಮುಟ್ಟಿದ ಗುರುತೆಂದು ತಿಳಿದು, ನೆಲ ಇನ್ನೂ ಕೆಳಗಿರುವಾಗಲೇ ರಾಕೆಟ್ಟುಗಳನ್ನು ಆರಿಸಿರಬೇಕೆಂಬುದು ತನಿಖೆ ಮಾಡಿದವರು ಕಂಡ ಅತ್ಯಂತ ಸಂಭವನೀಯ ಕಾರಣ. ‘ಕ್ಯೂರಿಯಾಸಿಟಿ’ಯಂಥ ನೌಕೆಯಲ್ಲಿ ಒಂದು ಕ್ಷಣದ ಅದುರನ್ನು ನಂಬುವ ಪದ್ಧತಿಯಿಲ್ಲ. ಹಗ್ಗದ ತುದಿಯ ಭಾರವನ್ನು ನೆಲ ಹೊತ್ತುಕೊಂಡಿತೆ, ಮೇಲಿನ ವಾಹನಕ್ಕೆ ಬೇಕಾದ ತಳ್ಳಿಕೆ ಇಳಿದು ಹಾಗೆಯೇ ನಿಂತಿತೆ ಎಂಬುದನ್ನು ನೋಡಿದ ಮೇಲೆಯೇ ತೀರ್ಮಾನ.

ನಮ್ಮ ದೇಶದ ಅನುಭವವೂ ಇದೇ ಪಾಠವನ್ನು ಹೇಳುತ್ತದೆ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ‘ವಿಕ್ರಮ್’ ಚಂದ್ರನ ಮೇಲೆ ಇಳಿಯುವಾಗ ಅಪ್ಪಳಿಸಿತು. ಇಂಜಿನ್ನುಗಳ ತಳ್ಳಿಕೆ ನಿರೀಕ್ಷೆಗಿಂತ ಹೆಚ್ಚಾಗಿ, ದೋಷಗಳು ಒಂದರ ಮೇಲೊಂದು ಕೂಡಿ, ತಿದ್ದಿಕೊಳ್ಳಲು ಅದಕ್ಕೆ ಶಕ್ತಿ ಸಾಲದಾಯಿತು. ಇಸ್ರೋದ ಇಂಜಿನಿಯರುಗಳು ಮುಂದಿನ ನೌಕೆಯನ್ನು ರಚಿಸುವಾಗ, ಏನೇನು ಕೆಡಬಹುದು, ಕೆಟ್ಟರೂ ಇಳಿಯುವುದು ಹೇಗೆ ಎಂಬುದನ್ನೇ ಮೊದಲ ಪ್ರಶ್ನೆಯಾಗಿಟ್ಟುಕೊಂಡರು. ಹಿಂದೆ 500 ಮೀಟರ್ ಚೌಕವಾಗಿದ್ದ ಇಳಿದಾಣವನ್ನು 4 ಕಿಲೊಮೀಟರ್ ಉದ್ದ, 2.4 ಕಿಲೊಮೀಟರ್ ಅಗಲಕ್ಕೆ ಹಿಗ್ಗಿಸಿದರು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಮೆಲ್ಲನೆ ಇಳಿಯಿತು. ಚಂದ್ರನಿಗೆ ಸಂಕೇತ ಮುಟ್ಟಲು ಬೇಕಾದುದು ಒಂದೂಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಆದರೂ ಅಲ್ಲಿಯೂ ಕಡೆಯ ನಿಮಿಷಗಳನ್ನು ಯಂತ್ರಕ್ಕೇ ಬಿಟ್ಟುಕೊಡಲಾಗಿತ್ತು. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿದ್ದವರು ನೋಡುತ್ತ ಕುಳಿತಿದ್ದರು.

ವಿದ್ಯಾರ್ಥಿಯ ಮುಂದಿನ ದಾರಿ

ಇದನ್ನು ಓದಿದ ವಿದ್ಯಾರ್ಥಿಗೆ, ಇಂಥ ಕೆಲಸಕ್ಕೆ ಅಮೆರಿಕಕ್ಕೇ ಹೋಗಬೇಕೆ ಎಂಬ ಪ್ರಶ್ನೆ ಏಳುವುದು ಸಹಜ. ನಾಸಾ ಸಂಸ್ಥೆಯ ಸರಕಾರಿ ಹುದ್ದೆಗಳಿಗೆ ಸಾಮಾನ್ಯವಾಗಿ ಆ ದೇಶದ ಪೌರತ್ವ ಅವಶ್ಯಕ; ಈ ಸಂಗತಿಯನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಆದರೆ ದಾರಿ ಅದೊಂದೇ ಅಲ್ಲವೆಂಬುದಕ್ಕೆ ಉಡುಪಿಯ ಸಮೀಪದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಪ್ರೊ. ಯು. ಆರ್. ರಾವ್ ಸಾಕ್ಷಿ. ಬಳ್ಳಾರಿ, ಅನಂತಪುರ, ಕಾಶಿಗಳಲ್ಲಿ ಓದಿದ ಅವರು 1960ರ ದಶಕದ ಮೊದಲ ಭಾಗದಲ್ಲಿ ಅಮೆರಿಕದಲ್ಲಿದ್ದು, ಅಲ್ಲಿನ ‘ಪಯೊನೀರ್’ ಮತ್ತು ‘ಎಕ್ಸ್‌ಪ್ಲೋರರ್’ ನೌಕೆಗಳ ಪ್ರಯೋಗಗಳನ್ನು ನಡೆಸಿದರು. 1966ರಲ್ಲಿ ಸ್ವದೇಶಕ್ಕೆ ಮರಳಿದರು. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ಅವರ ನೇತೃತ್ವದಲ್ಲಿ ಸಿದ್ಧವಾದ 360 ಕಿಲೊಗ್ರಾಂ ತೂಕದ ‘ಆರ್ಯಭಟ’ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ನೆರವಿನಿಂದ ಕಕ್ಷೆಗೇರಿತು. ನಮ್ಮ ದೇಶದ ಮೊದಲ ಉಪಗ್ರಹ ಅದೇ. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಈಗ ಅವರ ಹೆಸರಿದೆ. ತಿರುವನಂತಪುರದಲ್ಲಿ 2007ರಿಂದ ಅಂತರಿಕ್ಷ ವಿಜ್ಞಾನಕ್ಕೆಂದೇ ಒಂದು ವಿದ್ಯಾಸಂಸ್ಥೆಯೂ ನಡೆಯುತ್ತಿದೆ.

ಒಬ್ಬರು ಒಂದು ವರ್ಷದ ಕೂಸಾಗಿ ಕನ್ನಡ ನಾಡನ್ನು ಬಿಟ್ಟು ಹೋದರು. ಇನ್ನೊಬ್ಬರು ಹೋಗಿ, ಕಲಿತು, ಮರಳಿ ಬಂದರು. ಇಬ್ಬರ ದಾರಿಗಳೂ ಬೇರೆ. ಬುನಾದಿ ಮಾತ್ರ ಒಂದೇ. ಅದು ಗಣಿತ ಮತ್ತು ಭೌತಶಾಸ್ತ್ರಗಳ ತರಗತಿ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವೆಂಬ ನಿಯಮ ಪಾಸಡೀನದಲ್ಲಿಯೂ ಔರಾದದಲ್ಲಿಯೂ ಒಂದೇ ಪುಸ್ತಕದಿಂದ ಬಂದುದು. ಅದರ ಜೊತೆಗೆ ಬೇಕಾದ ಇನ್ನೊಂದು ಗುಣವನ್ನು ಯಾವ ಸಲಕರಣೆಯೂ ಇಲ್ಲದೆ ಇಂದೇ ಅಭ್ಯಾಸ ಮಾಡಬಹುದು. ಲೆಕ್ಕವನ್ನು ಮುಗಿಸಿದೊಡನೆ ಪುಸ್ತಕವನ್ನು ಮುಚ್ಚದೆ, ‘ಇದು ಎಲ್ಲಿ ತಪ್ಪಿರಬಹುದು?’ ಎಂದು ತನ್ನನ್ನೇ ಒಮ್ಮೆ ಕೇಳಿಕೊಳ್ಳುವ ಗುಣ ಅದು. ಮಂಗಳದಲ್ಲಿ ನೌಕೆಯನ್ನು ಇಳಿಸಿದವರು ಏಳು ವರ್ಷಗಳ ಕಾಲ ದಿನದಿನವೂ ಕೇಳಿಕೊಂಡುದು ಆ ಪ್ರಶ್ನೆಯನ್ನೇ. ಆದ್ದರಿಂದಲೇ ಕಡೆಯ ಏಳು ನಿಮಿಷಗಳಲ್ಲಿ ಅವರು ಸುಮ್ಮನೆ ಕುಳಿತಿರಬಹುದಾಯಿತು.